ಗೆರೆಯಾಚೆಯ ಬಾವಿ

"ನಾ ಎಲ್ಲಿಗೂ ಓಡಿ ಹೋಗಿಲ್ರಿ. ಈ ಗೆರಿ ಯಾರು ಎಳದಾರ, ಅವರನ್ನ ತೋರಸ್ರಿ."

ಗೋಕಾಕದ ಸರ್ವೇ ಆಫೀಸಿನಲ್ಲಿ ಮಹೆಕ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟಾಗ, ಎದುರಿಗೆ ಕುಳಿತಿದ್ದ, ನಕ್ಷೆ ನೋಡಿಕೊಳ್ಳುವ ತೌಫೀಕ ನಿಧಾನವಾಗಿ ತಲೆಯೆತ್ತಿದ.

"ನಾನ ಎಳದೇನ್ರಿ," ಎಂದ.

ಆ ಕಣ್ಣುಗಳಲ್ಲಿ ಗರ್ವವಿರಲಿಲ್ಲ... ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಹುಕ್ಕೇರಿಯ ಮಹೆಕ ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಮೂಡಲಗಿ ತಾಲೂಕಿನ ಹಳೆಯ ತೆರೆದ ಬಾವಿಗಳನ್ನು ಹುಡುಕಿ, ಆಳ ಅಳೆದು, ಫೋಟೊ ಸಮೇತ ಮೊಬೈಲಿನ ನಕ್ಷೆಗೆ ಸೇರಿಸುವುದು ಅವಳ ಕೆಲಸ. ಆ ನಕ್ಷೆಯಲ್ಲಿ ಪ್ರತಿ ಊರಿನ ಸುತ್ತಲೂ ಒಂದು ಗೆರೆ. ಕೆಲಸದ ಹೊತ್ತಿನಲ್ಲಿ ಅದನ್ನು ದಾಟಿದರೆ ಮೊಬೈಲ್ ಗುಂಯ್ ಎನ್ನುತ್ತದೆ, ಆಫೀಸಿಗೂ ಸುದ್ದಿ ಹೋಗುತ್ತದೆ. ಹಿಂದಿನ ದಿನ ಕಲ್ಲೋಳಿಯಲ್ಲಿ ಮೂರು ಸಲ ಹಾಗಾಗಿ ಅವಳಿಗೆ ಅರ್ಧ ದಿನದ ಗೈರುಹಾಜರಿ ಬಿದ್ದಿತ್ತು. ಬಾವಿ ಇದ್ದದ್ದೇ ಹಳ್ಳದ ಆಚೆ... ದಾಟದೆ ಅಳೆಯುವುದು ಹೇಗೆ?

ತೌಫೀಕ ವಾದ ಮಾಡಲಿಲ್ಲ. ಮರುದಿನ ಬೈಕಿನಲ್ಲಿ ಕಲ್ಲೋಳಿಗೆ ಬಂದ. ಅವಳ ಹಿಂದೆ ಕಬ್ಬಿನ ಸಾಲುಗಳಲ್ಲಿ ನಡೆದು, ಹಳ್ಳ ದಾಟಿ, ಬಾವಿಯ ಅಂಚಿನಲ್ಲಿ ನಿಂತ. ಅದಕ್ಕೆ ಕಟ್ಟೆಯೇ ಇರಲಿಲ್ಲ. ಆಳೆತ್ತರದ ಕಬ್ಬಿನಲ್ಲಿ ಹತ್ತಿರ ಹೋಗುವ ತನಕ ಕಾಣುವುದೂ ಇಲ್ಲ.

"ತಪ್ಪು ನಂದ ಐತ್ರಿ. ಕುರ್ಚಿ ಮ್ಯಾಲ ಕುಂತು ಗೆರಿ ಎಳದಿದ್ದೆ."

ಅಲ್ಲೇ ನಿಂತು ಗೆರೆ ತಿದ್ದಿದ. ಗೈರುಹಾಜರಿಯನ್ನೂ ತೆಗೆಸಿದ. ಅಂಥ ಪ್ರತಿ ಬಾವಿಯ ಸುತ್ತಲೂ ನಕ್ಷೆಯಲ್ಲಿ ಒಂದೊಂದು ಸುತ್ತು ಹಾಕಿದ. ಐವತ್ತು ಹೆಜ್ಜೆ ಇರುವಾಗಲೇ ಮೊಬೈಲ್ ಎಚ್ಚರಿಸಬೇಕು, ಯಾರೂ ಕಾಲು ಜಾರಬಾರದು ಎಂಬುದು ಅವನ ಹಟ.

ಆಮೇಲೆ ದಿನಾ ಫೋನು. ಮೊದಮೊದಲು ಬರೀ ಬಾವಿಗಳ ಮಾತು. ಬರಬರುತ್ತಾ ಊಟ ಆಯಿತೇ ಎಂಬ ವಿಚಾರಣೆ...

'ಇವರ ಜೊತೆ ಮಾತಾಡಿದ ದಿನ ಬಿಸಿಲೇ ತಟ್ಟುವುದಿಲ್ಲವಲ್ಲ, ಯಾಕೆ?' ಎಂದು ಮಹೆಕ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಅಂಜಿಕೆ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ, ಮನೆಯಲ್ಲಿ ಅಣ್ಣ ಮೈನೋದ್ದೀನ ಕೇಳಿದ: "ಇವತ್ತ ನಿಡಸೋಸ್ಯಾಗ ಒಂದೂವರೆ ತಾಸು ಏನ್ ಮಾಡಾಕತ್ತಿದ್ದಿ?"

ಅಂದು ಅವಳು ರಜೆ ಹಾಕಿ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದಳು. ಸೀಟು ಸಿಗುವ ತನಕ ಮನೆಯಲ್ಲಿ ಹೇಳಬಾರದೆಂದಿದ್ದಳು. ಆ ವಿಷಯ ಗೊತ್ತಿದ್ದದ್ದು ತೌಫೀಕನೊಬ್ಬನಿಗೇ.

'ನಂಬಿದ್ದೆನಲ್ಲ...'

ಅಣ್ಣನಿಗೆ ಏನೋ ಒಂದು ಹೇಳಿ ತಪ್ಪಿಸಿಕೊಂಡಳು. ತೌಫೀಕನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಹುಕ್ಕೇರಿಯ ತಂಡಕ್ಕೆ ಬದಲಿ ಮಾಡಿಸಿಕೊಂಡಳು. ಅವನ ಹೆಸರು ಮೊಬೈಲಿನಲ್ಲಿ ಮೂಡಿ ಮೂಡಿ ಆರಿತು. ಅವಳು ಎತ್ತಲಿಲ್ಲ. ರಾತ್ರಿ ದಿಂಬು ಒದ್ದೆಯಾಯಿತು, ಮನಸ್ಸು ಕರಗಲಿಲ್ಲ.

ಮೂರು ವಾರಗಳ ನಂತರ ಮೈನೋದ್ದೀನ ಮತ್ತೆ ಅಂಥದ್ದೇ ಪ್ರಶ್ನೆ ಕೇಳಿದಾಗ, ಯಾರು ಹೇಳಿದರೆಂದು ಈ ಸಲ ಅವಳೇ ಕೇಳಿದಳು. ಅವನು ಮುಚ್ಚಿಡದೆ ಮೊಬೈಲ್ ಕೊಟ್ಟ. ಅದರಲ್ಲಿ ಸಾಲು ಸಾಲು ಸಂದೇಶಗಳು. ಅವಳು ಯಾವ ಊರಿಗೆ ಹೊಕ್ಕಳು, ಯಾವಾಗ ಹೊರಬಿದ್ದಳು... ಕೆಲಸಕ್ಕೆ ಸೇರಿದ ಮೊದಲ ದಿನದಿಂದ!

ಆಗ ತೌಫೀಕನ ಮುಖವನ್ನೇ ಅವಳು ಕಂಡಿರಲಿಲ್ಲ. ತುರ್ತಿಗೆಂದು ಅಣ್ಣನ ನಂಬರು ಕೊಟ್ಟಿದ್ದಳು. ರಜೆಯ ದಿನವೂ, ಜಿಲ್ಲೆಯ ಯಾವ ಊರಿನ ಗೆರೆ ದಾಟಿದರೂ ಸಂದೇಶಗಳು ತಾವಾಗಿಯೇ ಅಲ್ಲಿಗೆ ಹೋಗುತ್ತಿದ್ದವು.

ಬೆಳಿಗ್ಗೆ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋದಳು. ವಿಷಯ ಕೇಳಿ ತೌಫೀಕನ ಮುಖ ಕಪ್ಪಿಟ್ಟಿತು. ಆಫೀಸಿಗೆ ಸುದ್ದಿ ಬರುವುದು ಅವನಿಗೆ ಗೊತ್ತಿತ್ತು. ಆಫೀಸಿನ ಸಾಹೇಬರು ಮನೆಯ ನಂಬರುಗಳನ್ನೂ ಸೇರಿಸಿದ್ದು ಗೊತ್ತಿರಲಿಲ್ಲ.

"ನಾ ಬಾವಿಗೆ ಬೇಲಿ ಹಾಕಿದ್ನಿರಿ... ನಿಮಗಲ್ಲ," ಎಂದ.

ಇಬ್ಬರೂ ಸಾಹೇಬರ ಕೋಣೆಗೆ ಹೋದರು. ಹೆಣ್ಣುಮಕ್ಕಳ ಸುರಕ್ಷತೆಗೇ ಹೀಗೆ ಮಾಡಿದ್ದು, ಬೇಡವಾದರೆ ಕೆಲಸ ಬಿಡಬಹುದು ಎಂದರು ಅವರು.

"ಒಮ್ಮೆ ನನ್ನ ಕೇಳಿದ್ರೇನ್ರಿ, ಸರ್?" ಎಂದಳು ಮಹೆಕ.

ಸಾಹೇಬರು ಮುಂದಿದ್ದ ಫೈಲು ತೆರೆದರು. ಅವಳು ಕೆಲಸ ಬಿಡಲಿಲ್ಲ. ಅದೇ ದಿನ ಬಾವಿ ಅಳೆಯುವ ಕೆಲಸದಲ್ಲಿದ್ದ ಉಳಿದ ನಾಲ್ವರು ಹುಡುಗಿಯರನ್ನು ಕೂಡಿಸಿ, ಐವರ ಸಹಿಯೊಂದಿಗೆ ಜಿಲ್ಲಾ ಕಚೇರಿಗೆ ಪತ್ರ ಬರೆದಳು. ಹುಡುಗಿಯರು ಒಪ್ಪದ ಹೊರತು ಈ ಸಂದೇಶಗಳನ್ನು ತಾನು ನಡೆಸುವುದಿಲ್ಲ ಎಂದು ತೌಫೀಕ ಕೆಳಗೆ ತನ್ನ ಹೆಸರು ಬರೆದ. ಕೆಲಸ ಹೋದರೂ ಹೋಗಲಿ ಎಂದೇ ಬರೆದಿದ್ದ. ಹತ್ತು ದಿನದೊಳಗೆ, ಮನೆಗೆ ಹೋಗುತ್ತಿದ್ದ ಸಂದೇಶಗಳು ನಿಂತವು.

ಕಾಲೇಜಿನ ವಿಷಯವನ್ನು ಅವಳೇ ಅಣ್ಣನ ಮುಂದೆ ಹೇಳಿದಳು. ಕ್ಲಾಸು ಯಾವಾಗ ಶುರುವಾಗುತ್ತದೆ ಎಂದಷ್ಟೇ ಮೈನೋದ್ದೀನ ಕೇಳಿದ.

ಸೀಟು ಸಿಕ್ಕ ದಿನ ಹುಕ್ಕೇರಿ ಬಸ್ ನಿಲ್ದಾಣದಲ್ಲಿ ತೌಫೀಕ ಅವಳಿಗಾಗಿ ಕಾದಿದ್ದ.

"ಕೇಳದನ ನಿಮ್ಮ ಮ್ಯಾಲ ಸಂಶೆ ಪಟ್ಟೆ. ಮಾಫ್ ಮಾಡ್ರಿ," ಎಂದಳು.

"ಅದು ಹೋಗ್ಲಿರಿ. ಮಹೆಕ... ನಿಮ್ಮ ಮ್ಯಾಲ ನಂಗ ಭಾಳ ಜೀವ ಐತಿ. ನೀವು ಹೂಂ ಅಂದ್ರ ನಮ್ಮ ಅಮ್ಮೀನ ನಿಮ್ಮ ಮನಿಗೆ ಕಳಸ್ತೇನಿ."

ಅವಳ ಕಣ್ಣು ತುಂಬಿದವು. ದನಿ ಮಾತ್ರ ಗಟ್ಟಿಯಾಗಿತ್ತು.

"ಲಗ್ನ ಆದ್ರೂ ಮೂರು ವರ್ಷ ನಾ ಹಾಸ್ಟೆಲ್‌ನ್ಯಾಗ ಇರಾಕಿ."

"ಇರ್ರಿ. ಐತವಾರಕ್ಕೊಮ್ಮೆ ಮನಿಗೆ ಬರ್ತೀರಿಲ್ಲ?"

"ಪರೀಕ್ಷೆ ಇದ್ರ ಬರಾಕ ಆಗೂದಿಲ್ಲ."

"ಆವಾಗ ನಾನ ಬರ್ತೇನಿ. ಗೇಟಿನ ಹೊರಗ ನಿಂತು ನೋಡಿ ಹೋಗ್ತೇನಿ."

"ಹೊರಗ ಯಾಕ ನಿಂದರ್ತೀರಿ?" ಮಹೆಕ ಮೊದಲ ಸಲ ಅವನ ಕೈ ಹಿಡಿದಳು. "ಒಳಗ ಬರ್ರಿ. ನನ್ನ ಗಂಡ ಅಂತ ಎಲ್ಲಾರಿಗೂ ಹೇಳ್ತೇನಿ."