ಕಪ್ಪು ಪರದೆಯೊಳಗಿನ ಜಮೀರ

"ಅವರ ಮಾರಿ ಕಾಣವಲ್ದು ಆಪಾ, ದನಿ ಅಷ್ಟ ಉಳದದ," ಎನ್ನುತ್ತ ಆಸ್ಮಾ ನಮ್ಮ ಇಸ್ಮತ ಆಪಾಳ ಕಟ್ಟೆಯ ಮೇಲೆ ಕುಸಿದು ಕುಳಿತಳು. ಆಪಾ ಶಾಲೆಯ ನೌಕರಿಯಿಂದ ನಿವೃತ್ತಳಾದ ಮೇಲೆ ಸೋನ್ಯಾಳದಲ್ಲಿ ಕೋಳಿ ಕಳೆದರೂ ಬಂಗಾರ ಕಳೆದರೂ ಜನ ಬರುವುದು ಅವಳ ಬಾಗಿಲಿಗೇ. ಪಕ್ಕದ ಮನೆಯ ಪಂಚಶೀಲಾ ನಾನು. ಕರೆಯದಿದ್ದರೂ ಬೆನ್ನು ಹತ್ತುವವಳು.

ಆಸ್ಮಾಳ ಗಂಡ ಜಮೀರ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಬೇಸಿಗೆಯಲ್ಲಿ ಅಪಘಾತವಾಗಿ ತೀರಿಕೊಂಡ. ಮಾತಾಡುವ, ನಗುವ ಜಮೀರ ಉಳಿದಿದ್ದು ಅವನ ಲ್ಯಾಪ್‌ಟಾಪಿನಲ್ಲಿ, ತನ್ನನ್ನು ತಾನೇ ತೆಗೆದುಕೊಂಡ ಒಂದೇ ವಿಡಿಯೊದಲ್ಲಿ. ಈಗ ಆ ಲ್ಯಾಪ್‌ಟಾಪಿನ ಪರದೆಯನ್ನು ಯಾರೋ ಒಡೆದಿದ್ದರು.

"ಮೈದುನ ಫರದೀನಂದ ಕೆಲಸ. ಮಾರೂಣು ಅಂತ ಗಂಟು ಬಿದ್ದಿದ್ದ, ನಾ ಒಲ್ಲೆ ಅಂದಿದ್ದೆ. ಇವತ್ತ ಕೂಸಿನ ಕರಕೊಂಡು ಕರಜಗಿಗಿ, ತವರಿಗಿ ಹೊಂಟೀನ್ರಿ. ತಿರುಗಿ ಬರಂಗಿಲ್ಲ." ದನಿ ತಗ್ಗಿಸಿದಳು. "ಆದ್ರ ನಿನ್ನಿ ಸಂಜೀಕ ಲ್ಯಾಪ್‌ಟಾಪ್ ಇಟ್ಟ ಖೋಲ್ಯಾಗ ಅವರು, ತೀರಿಕೊಂಡ ನನ್ನ ಗಂಡ, ಮಾತಾಡಿದ್ರು. ಓಡಿ ಹೋದ್ರ ಯಾರೂ ಇಲ್ಲ. ಅತ್ತಿ ಹಿತ್ತಲದಾಗಿದ್ರು."

ನಾವು ಹೊರಟೆವು. ಆ ಕೋಣೆಯ ಗೋಡೆಯಲ್ಲಿ ಜಮೀರನ ಫೋಟೊಗೆ ಬಿಳಿ ಬಟ್ಟೆ ಹೊದಿಸಿತ್ತು. ನಮಾಜಿನ ಹೊತ್ತಿಗೆ ಮುಖಗಳು ಕಾಣಬಾರದೆಂದು ಅತ್ತೆ ಹಾಗೆ ಮಾಡುತ್ತಾರಂತೆ. ಆ ಅತ್ತೆ ಮುಸರತ ಚಾಚಿ ಮೂಲೆಯಲ್ಲಿ ಕುಳಿತು ಬೆರಳಿನ ಗೆಣ್ಣು ಎಣಿಸುತ್ತ ಜಪ ಮಾಡುತ್ತಿದ್ದಳು.

ಆಪಾ ಲ್ಯಾಪ್‌ಟಾಪನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಹೊರ ಮುಚ್ಚಳದ ಮೇಲೆ ಒಂದು ಗೀರೂ ಇಲ್ಲ. ತೆರೆದರೆ ಒಳಗಿನ ಪರದೆಯಲ್ಲಿ ಸಾಲಾಗಿ ದುಂಡನೆಯ ಚುಕ್ಕೆಗಳು, ಒಂದೊಂದು ಚುಕ್ಕೆಯಿಂದಲೂ ಹೊರಟ ಬಿರುಕು. ಆಪಾ ಕೀಬೋರ್ಡಿನ ಉದ್ದನೆಯ ಕೀಲಿ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಜಮೀರ ಮಾತಾಡಿದ.

"ಅಮ್ಮಾ, ಇಲ್ಲಿ ನೋಡ. ಸ್ವಲ್ಪ ನಗು."

ದೆವ್ವ ಗಿವ್ವ ಎಂದವರಿಗೆ ಮುಖದ ಮೇಲೆಯೇ ಬೈಯುವವಳು ನಾನು. ಅಂಥ ನನಗೇ ಮೈ ಜುಮ್ಮೆಂದಿತು. ಊರವರು ಮಣ್ಣು ಕೊಟ್ಟು ಬಂದವನ ದನಿ ಅದು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾ ಕೈ ಸುದ್ದಾ ಹಚ್ಚಿಲ್ರಿ ಆಪಾ," ಎಂದ ಬಾಗಿಲಲ್ಲಿ ನಿಂತಿದ್ದ ಫರದೀನ. "ಮಾರೂಣು ಅಂದಿದ್ದು ಖರೆ. ಇದರ ಮುಂದ ಕುಂತು ಅಮ್ಮಾ ದಿನಾ ಅಳ್ತಾಳ, ಅದಕ್ಕ ಅಂದೆ. ಈಗ ಅದು ಸತ್ತದ, ಬಿಡ್ರಿ."

"ಸತ್ತಿಲ್ಲಪಾ. ಎಲ್ಲಾರೂ ಕುಂದ್ರಿ," ಎಂದಳು ಆಪಾ. ಟಿವಿಯ ಮುಂದೆ ಚಾಪೆ ಹಾಸಿ ಎಲ್ಲರೂ ಕುಳಿತೆವು.

"ಮಾರಾಂವ ಮೊದಲ ಪರದೆ ಒಡಕೋತಾನೇನು? ಸಿಟ್ಟಿಲೆ ಒಡದಿದ್ರ, ಕೆಳಗ ಬಿದ್ದಿದ್ರ, ಹೊರಗ ಪೆಟ್ಟು ಕಾಣಬೇಕಿತ್ತು. ಇದು ಒಳಗಿನ ಪೆಟ್ಟು. ಕೀಲಿಗಳ ಮ್ಯಾಲ ಏನೋ ಇಟ್ಟು ಮುಚ್ಚಳಾ ಒತ್ಯಾರ. ದುಂಡಂದು, ಸಾಲಾಗಿ ಇರೂದು." ಆಪಾ ಅತ್ತೆಯತ್ತ ತಿರುಗಿದಳು. "ಚಾಚಿ, ನಿಮ್ಮ ತಸಬಿ ಎಲ್ಲಿ? ಅದರ ಮಣಿ ಬಿಟ್ಟು ಬೆರಳಮ್ಯಾಲ ಜಪಾ ಮಾಡಿದ್ದು ನಾ ಎಂದೂ ನೋಡಿಲ್ಲ."

ಚಾಚಿ ಸೊಂಟದ ಚೀಲದಿಂದ ಜಪಸರ ತೆಗೆದಳು. ಕೆಲವು ಮಣಿಗಳು ಸೀಳು ಬಿಟ್ಟಿದ್ದವು. "ಮೊನ್ನಿ ಅವನ ವಿಡಿಯೊ ಮುಂದ ಕುಂತು ಜಪಾ ಮಾಡತಿದ್ದೆ. ಅಜಾನ್ ಆತು. ಮಾರಿ ಮುಚ್ಚಬೇಕಲ್ಲ, ಮುಚ್ಚಿದೆ. ಮುಚ್ಚಳಾ ಕೂಡವಲ್ದಾಗಿತ್ತು, ಒತ್ತಿದೆ. ತಸಬಿ ಒಳಗ ಉಳದಿದ್ದು ನೆನಪಿರಲಿಲ್ಲ." ಅವಳು ಸರವನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. "ನಿನ್ನಿ ಸಂಜೀಕ ಮುಚ್ಚಳಾ ತಗದು, ಆಸ್ಮಾ ಕಲಿಸಿದ ಕೀಲಿ ಒತ್ತಿದೆ. ಬರೇ ದನಿ ಬಂತು. ನಾ ಮಾರಿ ಮುಚ್ಚಿದ್ದಕ್ಕ ಸಿಟ್ಟಾಗಿ ಅಡಗ್ಯಾನ ಅಂತ ಹೆದರಿ ಹಿತ್ತಲಕ್ಕ ಓಡಿದೆ."

ಆಪಾ ಎದ್ದಳು. ಜಮೀರನ ಕ್ಯಾಮೆರಾ ಚೀಲದಿಂದ ಎಚ್‌ಡಿಎಂಐ ಕೇಬಲ್ ತೆಗೆದು ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಟಿವಿಗೆ ಚುಚ್ಚಿದಳು. "ಫರದೀನ, ವಿಂಡೋಸ್ ಕೀಲಿ ಹಿಡದು ಪಿ ಒತ್ತು, ಚಿತ್ರ ಟಿವಿಗಿ ಬರ್ತದ. ಒಡದಿದ್ದು ಪರದೆ ಅಷ್ಟ, ಒಳಗಿನ ಸಾಮಾನೆಲ್ಲಾ ನೆಟ್ಟಗದ."

ಟಿವಿ ಒಮ್ಮೆ ನೀಲಿಯಾಯಿತು. ಆಮೇಲೆ ಅಷ್ಟಗಲ ಜಮೀರನ ಮುಖ ನಗುತ್ತ ನಿಂತಿತು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಆಸ್ಮಾ ಟಿವಿ ನೋಡಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದಳು. "ನನಗ್ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ರ ನೀ ಮತ್ತ ನನ್ನ ಇದರ ಹತ್ರ ಬಿಡ್ತಿದ್ದಿಲ್ಲ," ಎಂದಳು ಚಾಚಿ. "ಇದನ್ನ ನೀ ತವರಿಗಿ ಒಯ್ಯವ್ವಾ. ಕೂಸಿಗಿ ಅಪ್ಪನ ಮಾರಿ ಬೇಕು. ನಾ ಹೆತ್ತಾಕಿ, ನನಗ ನೆನಪದ."

ಆಸ್ಮಾ ಮಗುವನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಕೂಡಿಸಿದಳು. "ನನಗೇನು ಗೊತ್ತದ ಅವರು ಸಣ್ಣಂದ್ರಾಗ ಹೆಂಗಿದ್ರು ಅಂತ? ಕೂಸಿಗಿ ಅದನ್ನ ಯಾರು ಹೇಳವರು? ನಾ ಎಲ್ಲಿಗೂ ಹೋಗಂಗಿಲ್ರಿ."