ಕೋಲ್ ದೊರೆಯ ಕಾಲು ಹಾರ್ಮೋನಿಯಂ

ಸಾಸಲಿನ ನಾಟಕ ಸಂಘದ ಕಪಾಟಿನಿಂದ ಕೋಲ್ ದೊರೆಯ ದಿನಚರಿ ಮಾಯವಾಗಿತ್ತು. ಕಳ್ಳನ ಪಟ್ಟ ಆಗಲೇ ಹಾರ್ಮೋನಿಯಂ ಮೇಷ್ಟ್ರು ಪಿಳ್ಳಪ್ಪನವರ ತಲೆಗೇರಿತ್ತು. ಆಟೋ ಓಡಿಸುವ ಬೈರೇಶನಿಗೆ ಭೀಮನ ಪಾತ್ರ ಕಲಿಸಿದವರೇ ಅವರು. ಗುರುವಿನ ಮೇಲಿನ ಅಪವಾದ ಸಹಿಸದೆ ಅವನು ದೊಡ್ಡಬಳ್ಳಾಪುರದಿಂದ ವಹೀದಾ ಮೇಡಂ ಅವರನ್ನು ಕರೆತಂದ. ನಿವೃತ್ತ ಇಂಗ್ಲಿಷ್ ಟೀಚರ್. ತಾಲ್ಲೂಕಿನ ಎಷ್ಟೋ ಕಳವುಗಳನ್ನು ಪತ್ತೆಹಚ್ಚಿದವರು.

ಕೋಲ್ ದೊರೆ ಅಮೆರಿಕದವನು. ಅಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಸಂಗೀತ ಹೇಳಿಕೊಡುತ್ತಿದ್ದವನು, ನೂರನಲವತ್ತು ವರ್ಷದ ಹಿಂದೆ ಕಾಲು ಹಾರ್ಮೋನಿಯಂ ಸಮೇತ ಹಡಗು ಹತ್ತಿ ಬಂದು, ಇಲ್ಲೇ ಪಾಠ ಹೇಳಿ ಇಲ್ಲೇ ಮಣ್ಣಾದ. ಅವನ ಜೀವನಚರಿತ್ರೆ ಬರೆಯುತ್ತಿದ್ದ ಅಂಜನ್ ಒಬ್ಬನೇ ಆ ಇಂಗ್ಲಿಷ್ ದಿನಚರಿ ಓದಿದ್ದ. ದೊರೆಯ ಮೊದಲ ಶಿಷ್ಯ ತನ್ನ ಮುತ್ತಾತನೆಂದು ಅವನ ವಾದ. ಅಲ್ಲ, ತಮ್ಮ ಮುತ್ತಾತ ಬೈಲಪ್ಪನೆಂದು ಪಿಳ್ಳಪ್ಪ.

"ಬೆಳಗ್ಗೆ ಡೈರಿಗೆ ಹಾಲು ಹಾಕಕ್ಕೋಗ್ತಿದ್ದೆ, ಸಂಘದೊಳಗೆ ದೊರೆ ಹಾರ್ಮೋನಿಯಂ ಸದ್ದು," ಎಂದರು ಸಂಘದ ಅಧ್ಯಕ್ಷ ಆದಿನಾರಾಯಣಪ್ಪ. "ಮೇಷ್ಟ್ರು ಬಿಟ್ರೆ ಇನ್ಯಾರು? ಪಿಳ್ಳಪ್ಪ, ಬೀಗದಕೈ ಕೊಟ್ಬಿಡು. ಇನ್ಮೇಲೆ ನೀನು ಕಲಿಸೋದು ಬೇಡ."

ನಲವತ್ತು ವರ್ಷ ಊರಿಗೆಲ್ಲ ನಾಟಕ ಕಲಿಸಿದ ಮುದುಕನ ಕಣ್ಣು ತುಂಬಿತು; ಬೀಗದಕೈ ಅಧ್ಯಕ್ಷರ ಕೈ ಸೇರಿತು.

"ಯಾವ ಹಾಡು ಕೇಳಿಸ್ತು?" ಎಂದರು ಮೇಡಂ.

"ಹಾಡಲ್ಲ. ಶ್ರುತಿ ಹಿಡ್ದಂಗೆ ಒಂದೇ ಸ್ವರ."

"ಇನ್ನೊಂದು ಬೀಗದಕೈ?"

"ನನ್ನತ್ರ ಇದೆ," ಎಂದ ಅಂಜನ್. "ಆದ್ರೆ ಒಂದು ವಾರದಿಂದ ನಾನು ಇಲ್ಲಿಗೆ ಬಂದೇ ಇಲ್ಲ."

ಪಿಳ್ಳಪ್ಪ ಹೊಸ್ತಿಲಾಚೆ ಮೆಟ್ಟು ಬಿಟ್ಟು ಬಂದು, ಹಾರ್ಮೋನಿಯಂ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ನಿನ್ನೆ ಸಂಜೆ ಒರೆಸಿಟ್ಟು ಹೋಗಿದ್ದೆ ಕಣವ್ವಾ."

ಮೇಡಂ ಬಗ್ಗಿ ನೋಡಿದರು. ಕಾಲಲ್ಲಿ ತುಳಿಯುವ ಹಲಗೆಗಳ ಮೇಲೆ ಕೆಂಪು ಮಣ್ಣಿನ ಅಲೆಅಲೆಯಾದ ಗೆರೆ. ಎಲ್ಲರನ್ನೂ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ, ಅಂಜನ್ ಹೊರಗೆ ಬಿಟ್ಟಿದ್ದ ಬೂಟೊಂದನ್ನು ತಂದು ಮಗುಚಿ ಹಿಡಿದರು. ಅಡಿಯಲ್ಲಿ ಅವೇ ಅಲೆಗಳು.

"ಒರೆಸಿದ ಮೇಲೆ ಬಿದ್ದ ಗುರುತು ಇದು. ಮೇಷ್ಟ್ರು ಮೆಟ್ಟು ಹಾಕಿ ಇದನ್ನ ತುಳಿಯೋರಲ್ಲ. ನುಡಿಸೋಕೆ ಬರದೋನೂ ಒಂದು ಸ್ವರದ ಮನೆ ಒತ್ತಿ ಹಿಡೀಬಹುದು. ಡೈರಿಗೆ ಹೋಗೋರ ಕಿವಿಗೆ ಬಿದ್ದು ಮೇಷ್ಟ್ರ ಮೇಲೆ ಅನುಮಾನ ಬರಲಿ ಅಂತಾನೇ ಒತ್ತಿದ್ದು. ದಿನಚರಿ ಇದ್ರೆ ನಿನ್ನ ಪುಸ್ತಕ ಸುಳ್ಳಾಗ್ತಿತ್ತು, ಅಲ್ವೇನಪ್ಪಾ?"

ಅಂಜನ್ ತಲೆ ತಗ್ಗಿಸಿ ಚೀಲದಿಂದ ದಿನಚರಿ ತೆಗೆದುಕೊಟ್ಟ. ಮೇಡಂ ಒಂದು ಪುಟವನ್ನು ಕನ್ನಡ ಮಾಡಿ ಓದಿದರು: "ಇಂದು ಮೊದಲ ಶಿಷ್ಯ ಬೈಲಪ್ಪ ಬಂದ. ನುಡಿಸಲು ಕುಳಿತ ನನ್ನ ಬೂಟು ಬಿಚ್ಚಿಸಿದ. ತುಳಿದು ತುಂಬುವ ಗಾಳಿಯ ಅಳತೆ ಬರಿಗಾಲಿಗೇ ಚೆನ್ನಾಗಿ ತಿಳಿಯುತ್ತದೆ. ಮೂವತ್ತು ವರ್ಷ ನನಗಿದು ಗೊತ್ತಿರಲಿಲ್ಲ."

ಬೈರೇಶ ಖುಷಿಯಿಂದ ಚಪ್ಪಾಳೆ ತಟ್ಟಿದ. ಆದಿನಾರಾಯಣಪ್ಪ ಬೀಗದಕೈಯನ್ನು ಮತ್ತೆ ಮೇಷ್ಟ್ರ ಕೈಯಲ್ಲೇ ಇಟ್ಟರು. ಪಿಳ್ಳಪ್ಪ ಮಾತ್ರ ಅಂಜನ್‌ನನ್ನೇ ನೋಡುತ್ತಿದ್ದರು.

"ಕದ್ದಿದ್ದು ಹಾಳಾಗೋಗ್ಲಿ ಕಣೋ. ಮೆಟ್ಟಲ್ಲಿ ತುಳಿದ್ಯಲ್ಲೋ!"

ಹೆಗಲ ಟವಲಿನಿಂದ ಹಲಗೆಗಳನ್ನು ಒರೆಸಿ, ಬರಿಗಾಲಿಟ್ಟು ನುಡಿಸಲು ಕುಳಿತರು.