ಎಡಗಡೆಯ ಸಣ್ಣ ಕಲೆ

"ನಾನು ಎಕ್ಸ್‌ರೇ ಟೆಕ್ನಿಶಿಯನ್. ದಿನಕ್ಕೆ ಅರವತ್ತು ಜನರ ಎದೆಯೊಳಗೆ ಎಂತ ಉಂಟು ಅಂತ ನೋಡುವುದೇ ನನ್ನ ಕೆಲಸ!"

ದುಬೈ ಏರ್‌ಪೋರ್ಟಿನಲ್ಲಿ ಆಸ್ವಾಲ್ಡ್ ಹೀಗೆ ತನ್ನ ಪರಿಚಯ ಹೇಳಿಕೊಂಡಾಗ ಪ್ರವಾಸಕ್ಕೆ ಹೊರಟಿದ್ದ ಎಲ್ಲರೂ ನಕ್ಕರು. ಎಮಿಲಿಯಾ ಒಬ್ಬಳೇ ನಗಲಿಲ್ಲ. ಹೆಗಲ ಮೇಲಿನ ಶಾಲನ್ನು ಮುಂದಕ್ಕೆ ಎಳೆದುಕೊಂಡು, ಸೂಟ್‌ಕೇಸ್ ತಳ್ಳುತ್ತಾ ಸಾಲಿನ ಕೊನೆಗೆ ಹೋಗಿ ನಿಂತಳು.

ಆಸ್ವಾಲ್ಡ್‌ನ ನಗು ಅಲ್ಲೇ ನಿಂತಿತು. ಹೆಂಗಸರ ಮುಂದೆ ಆಡಬಾರದ ಮಾತು ಆಡಿಬಿಟ್ಟೆನೇನೋ ಎಂದು ಅವನ ಕಿವಿ ಕೆಂಪಾಯಿತು.

ಅದು ೨೦೧೪ರ ಡಿಸೆಂಬರ್. ಯುಎಇಯ ನ್ಯಾಷನಲ್ ಡೇ ರಜೆಗೆ ನಾಲ್ಕು ದಿನ ಲೀವ್ ಸೇರಿಸಿಕೊಂಡ ಹದಿನಾಲ್ಕು ಜನ ಕರಾವಳಿಯವರನ್ನು ದುಬೈನ ಕರಾಮದ ಒಂದು ಟ್ರಾವೆಲ್ಸ್‌ನವರು ಬ್ಯಾಂಕಾಕ್ ಮತ್ತು ಚಿಯಾಂಗ್ ಮೈಗೆ ಕರೆದೊಯ್ಯುತ್ತಿದ್ದರು. ಬುದ್ಧನ ದೇವಸ್ಥಾನಗಳು, ಮಾರ್ಕೆಟ್‌ಗಳು, ಆರು ದಿನ.

ಎಮಿಲಿಯಾಗೆ ಮೂವತ್ತೆಂಟು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ಲಾಂಡ್ರಿ ಸೂಪರ್‌ವೈಸರ್. ಹದಿಮೂರು ವರ್ಷಗಳಲ್ಲಿ ಅವಳು ಊರಿಗಲ್ಲದೆ ಬೇರೆಲ್ಲಿಗೂ ವಿಮಾನ ಹತ್ತಿದವಳಲ್ಲ. ಈ ಸಲ ಹತ್ತಿದ್ದಕ್ಕೆ ಕಾರಣವಿತ್ತು. ಕಳೆದ ತಿಂಗಳು ಕೆಮ್ಮು ಬಿಡದಿದ್ದಾಗ ಕ್ಲಿನಿಕ್ಕಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಎಡಗಡೆ ಮೇಲೆ ಒಂದು ಸಣ್ಣ ಕಲೆ ಕಂಡಿತ್ತು. ಕ್ಲಿನಿಕ್ಕಿನ ನರ್ಸ್ ಫೆಲ್ಸಿ ಅವಳನ್ನು ಪಕ್ಕಕ್ಕೆ ಕರೆದು, "ವೀಸಾ ರಿನ್ಯೂವಲ್ ಮೆಡಿಕಲ್ ಯಾವಾಗ ಅಕ್ಕಾ?" ಎಂದು ಮೆಲ್ಲಗೆ ಕೇಳಿದ್ದಳು.

ಡಿಸೆಂಬರ್ ಹತ್ತಕ್ಕೆ.

ಆ ಕಲೆ ಎಲ್ಲಿಂದ ಬಂತೆಂದು ಎಮಿಲಿಯಾಗೆ ಗೊತ್ತಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳಿಗೆ ಟಿಬಿ ಆಗಿತ್ತು. ಮಾತ್ರೆ ನುಂಗಿ ಗುಣವಾಗಿತ್ತು. ಆದರೆ ಸುದ್ದಿ ಹೇಗೋ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಪಾಸಾಗುತ್ತಾ ಬಂದದ್ದು ಈಗ ಬಿದ್ದರೆ? ಹಳೆಯ ಕಲೆಯಾದರೂ ಸಾಕು, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುತ್ತಾರೆ ಎಂದು ರೂಮಿನವರು ಯಾರ್ಯಾರದೋ ಕತೆ ಹೇಳುತ್ತಿದ್ದರು. ಕಳಿಸುವುದಾದರೆ ಕಳಿಸಲಿ, ಅದಕ್ಕೆ ಮುಂಚೆ ಬೇರೊಂದು ಪರದೇಶವನ್ನಾದರೂ ಕಣ್ತುಂಬ ನೋಡಬೇಕು ಎಂದು ಅವಳು ಹೊರಟಿದ್ದಳು. ಹೊರಟರೆ, ಜೊತೆಗೊಬ್ಬ ಎಕ್ಸ್‌ರೇಯವನು!

ಬ್ಯಾಂಕಾಕಿನ ವಾಟ್ ಫೋ ದೇವಸ್ಥಾನದಲ್ಲಿ ಬುದ್ಧ ಮಲಗಿದ್ದ. ನಡುವೆ ಕಂಬಗಳು ಅಡ್ಡ ಬಂದು ಅವನನ್ನು ಒಮ್ಮೆಲೇ ಪೂರ್ತಿ ನೋಡಲಾಗುತ್ತಿರಲಿಲ್ಲ. ಒಂದು ಸಂದಿಯಲ್ಲಿ ಮೊಣಕೈ, ಇನ್ನೊಂದರಲ್ಲಿ ಬಂಗಾರದ ಮಂಡಿ. ಅಷ್ಟು ದೊಡ್ಡ ದೇಹಕ್ಕೆ ಒಂದಿಷ್ಟೂ ಆತಂಕವಿರಲಿಲ್ಲ. ನೋಡುತ್ತಾ ನಿಂತು ಹೊರಗೆ ಬಂದ ಎಮಿಲಿಯಾಗೆ ಅಗರಬತ್ತಿಯ ಹೊಗೆಗೆ ಕೆಮ್ಮು ಹತ್ತಿತು. ಅವಳು ಕರ್ಚೀಫು ಒತ್ತಿಹಿಡಿದು ಗೋಡೆಯ ಕಡೆ ತಿರುಗಿದಳು.

"ನೀರು ತಕೊಳ್ಳಿ."

ಆಸ್ವಾಲ್ಡ್ ಬಾಟಲಿ ಚಾಚಿ, ಮುಖ ಬೇರೆ ಕಡೆ ಮಾಡಿ ನಿಂತಿದ್ದ. "ಆ ದಿನ ಏರ್‌ಪೋರ್ಟಿನಲ್ಲಿ ನಾನು ಕೆಟ್ಟ ಅರ್ಥದಲ್ಲಿ ಹೇಳಿದ್ದಲ್ಲ. ದೇವರಾಣೆ. ನನಗೆ ಮಾತಾಡ್ಲಿಕ್ಕೆ ಬರುವುದಿಲ್ಲ, ಅಷ್ಟೇ."

ಅವನು ಏನೆಂದುಕೊಂಡಿದ್ದಾನೆಂದು ಹೊಳೆದು ಎಮಿಲಿಯಾಗೆ ನಗು ಬಂತು. ನಗಲು ಹೋಗಿ ಮತ್ತೆ ಕೆಮ್ಮಿದಳು. "ಅಯ್ಯೋ, ಅದಕ್ಕಲ್ಲ ಮಾರಾಯ್ರೆ."

"ಮತ್ತೆ ಯಾಕೆ ನನ್ನನ್ನು ಕಂಡರೆ ಆಚೆ ಹೋಗ್ತೀರಿ?"

ಅವಳು ಬಾಟಲಿ ಹಿಂದೆ ಕೊಟ್ಟಳು. ಆದರೆ ಅಲ್ಲಿಂದ ಮುಂದೆ ಆಚೆ ಹೋಗಲಿಲ್ಲ.

ಚಿಯಾಂಗ್ ಮೈಯಲ್ಲಿ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಅರ್ಧದಲ್ಲಿ ಅವಳು ಉಸಿರು ಸಿಗದೆ ಕುಳಿತುಬಿಟ್ಟಳು. ಟೂರ್ ಲೀಡರ್ ನಾರ್ಬರ್ಟ್ ಮೇಲಿನಿಂದ "ಯಲ್ಲಾ, ಯಲ್ಲಾ!" ಎಂದು ಅರಬ್ಬಿಯಲ್ಲಿ ಕೂಗಿ ಅವಸರ ಮಾಡುತ್ತಿದ್ದ. ಆಸ್ವಾಲ್ಡ್ ಅವನಿಗೆ ಮುಂದೆ ಹೋಗುವಂತೆ ಕೈಸನ್ನೆ ಮಾಡಿ, ಅವಳಿಂದ ಎರಡು ಮೆಟ್ಟಿಲು ಕೆಳಗೆ ಕುಳಿತ.

"ನಿಮಗೆ ಹೊರಗಿನಿಂದಲೇ ಗೊತ್ತಾಗ್ತದಾ?" ಎಂದಳು ಅವಳು ಇದ್ದಕ್ಕಿದ್ದಂತೆ.

"ಎಂತದು?"

"ಎದೆಯೊಳಗೆ ಎಂತ ಉಂಟು ಅಂತ."

ಅವನು ಹಿಂದೆ ತಿರುಗಿ ನೋಡಿದ. ಅವಳ ಕಣ್ಣು ಕದಲಲಿಲ್ಲ. "ನನ್ನ ಕಣ್ಣು ಮೆಶೀನ್ ಅಲ್ಲ. ಗೊತ್ತಾಗುವ ಹಾಗಿದ್ರೆ ಮೂರು ದಿನದಿಂದ ಒದ್ದಾಡ್ತಾ ಇರ್ಲಿಲ್ಲ," ಎಂದು ಹೇಳಿ, ಹೇಳಿದ್ದು ಏನೆಂದು ತಿಳಿದು ಗಲಿಬಿಲಿಗೊಂಡು ಮುಂದೆ ತಿರುಗಿಬಿಟ್ಟ. ಅವನ ಕತ್ತಿನ ಹಿಂಭಾಗವೂ ಕೆಂಪಾಗಿತ್ತು. ಅದನ್ನೇ ನೋಡುತ್ತಾ ಎಮಿಲಿಯಾ ಎಲ್ಲವನ್ನೂ ಹೇಳಿದಳು. ಹತ್ತೊಂಬತ್ತರ ವಯಸ್ಸು, ಮಾತ್ರೆ, ಮುರಿದ ಮದುವೆ, ಡಿಸೆಂಬರ್ ಹತ್ತು. ಯಾರಿಗೂ ಹೇಳದ್ದನ್ನು ಒಂದು ಬೆನ್ನಿಗೆ ಹೇಳುವುದು ಸುಲಭವಾಗಿತ್ತು.

ಆ ಸಂಜೆ ಮಾರ್ಕೆಟ್ಟಿನಲ್ಲಿ ಬಣ್ಣದ ಕಾಗದದ ಕೊಡೆಗಳ ಅಂಗಡಿಯ ಮುಂದೆ, ಅವಳು ಮೊಬೈಲಿನಲ್ಲಿದ್ದ ಎಕ್ಸ್‌ರೇಯ ಫೋಟೋ ತೋರಿಸಿದಳು. ಅವನು ಅದನ್ನು ದೊಡ್ಡದು ಮಾಡಿ ನೋಡಿದ, ಬಹಳ ಹೊತ್ತು. ಏನೂ ಇಲ್ಲ ಬಿಡಿ, ಎನ್ನುತ್ತಾನೆ. ಈಗ ಎನ್ನುತ್ತಾನೆ.

"ನಾನು ಡಾಕ್ಟರಲ್ಲ," ಎಂದ ಅವನು ಕೊನೆಗೆ. "ಇಂಥದ್ದು ಪಾಸಾದದ್ದನ್ನೂ ನೋಡಿದ್ದೇನೆ. ನಿಲ್ಲಿಸಿದ್ದನ್ನೂ ನೋಡಿದ್ದೇನೆ."

"ಅಷ್ಟೇಯಾ?"

"ಹಳೆ ಟ್ರೀಟ್‌ಮೆಂಟಿನ ಪೇಪರ್ ಇದ್ರೆ ಊರಿನಿಂದ ತರಿಸಿ."

"ಒಂದು ಸುಳ್ಳಾದರೂ ಹೇಳಬಹುದಿತ್ತು ನೀವು!" ಅವಳು ಮೊಬೈಲ್ ಕಸಿದುಕೊಂಡಳು. ಅಂಗಡಿಯವಳು ಬೆಚ್ಚಿ ನೋಡಿದಳು. ಎಮಿಲಿಯಾ ಜನರ ನಡುವೆ ನುಗ್ಗಿ ಹೋದಳು. ವಾಪಸು ವಿಮಾನದಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

ಆದರೆ ಊರಿಗೆ ಫೋನ್ ಮಾಡಿ ಪೇಪರು ಹುಡುಕಿಸಿದಳು. ಸಿಗಲಿಲ್ಲ. ಮದುವೆ ಮುರಿದ ದಿನವೇ ಅಮ್ಮ ಎಲ್ಲವನ್ನೂ ಒಲೆಗೆ ಹಾಕಿದ್ದರು.

ಹತ್ತನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಮೆಡಿಕಲ್ ಸೆಂಟರಿನ ಹೊರಗೆ ಆಸ್ವಾಲ್ಡ್ ನಿಂತಿದ್ದ. ದುಬೈನಲ್ಲಿ ತಾನಿದ್ದ ಕರಾಮದಿಂದ ಅಬುಧಾಬಿಯವರೆಗೆ ಕಾರು ಓಡಿಸಿಕೊಂಡು ಬಂದಿದ್ದ. ಶರ್ಟಿಗೆ ಇಸ್ತ್ರಿ ಇರಲಿಲ್ಲ.

"ಬೈಯಲಿಕ್ಕಾದ್ರೂ ಒಬ್ಬರು ಬೇಕಲ್ಲ ಅಂತ ಬಂದೆ," ಎಂದ. ಅವಳು ಬೈಯಲಿಲ್ಲ.

ಎಕ್ಸ್‌ರೇಯವರು ಅವಳನ್ನು ಎರಡನೇ ಸಲ ಕರೆದರು. ನಾಲ್ಕು ದಿನ ಬಿಟ್ಟು ಮತ್ತೆ ಬರಹೇಳಿದರು. ಕಫ ಪರೀಕ್ಷೆ, ಮೂರು ಬೆಳಿಗ್ಗೆ. ಮೂರೂ ಬೆಳಿಗ್ಗೆ ಅವನು ಬಂದ, ಡ್ಯೂಟಿಯನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡು. ಕ್ರಿಸ್ಮಸ್ ಬಂದು ಹೋಯಿತು. ಪಾತ್ರೆ ತುಂಬ ಹಬ್ಬದ ಕುಸ್ವಾರ್ ತಿಂಡಿ ಮಾಡಿದ ಎಮಿಲಿಯಾ ಒಂದು ತುಂಡನ್ನೂ ಬಾಯಿಗೆ ಹಾಕಲಿಲ್ಲ. ಫೋನ್ ಶಬ್ದವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಫೀಸಿನದಾಗಿರದೆ ಆಸ್ವಾಲ್ಡ್‌ನದಾಗಿದ್ದರೆ ಬೇರೆ ರೀತಿ ಹೊಡೆದುಕೊಳ್ಳುತ್ತಿತ್ತು.

ರಿಸಲ್ಟ್ ಕೊಡುವ ದಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಅವನು ಇಳಿಯಲಿಲ್ಲ. "ನನಗೊಂದು ಮಾತು ಹೇಳಲಿಕ್ಕುಂಟು."

"ಈಗ ಬೇಡ. ರಿಸಲ್ಟ್ ಬರಲಿ."

"ಬಂದ ಮೇಲೆ ಹೇಳಿದ್ರೆ ನೀವು ನಂಬುವುದಿಲ್ಲ ಎಮಿಲಿಯಾ. ಪಾಸಾದ್ರೆ, ಪಾಸಾದ್ದಕ್ಕೆ ಹೇಳಿದ ಅಂತೀರಿ. ಇಲ್ಲದಿದ್ರೆ ಪಾಪ ಕಂಡು ಹೇಳಿದ ಅಂತೀರಿ. ಅದಕ್ಕೇ ಈಗ." ಅವನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ನನಗೆ ನಲವತ್ತೆರಡು. ಮಾತು ಬಾರದೆ ಎರಡು ಸಂಬಂಧ ತಪ್ಪಿ ಹೋಗಿದೆ. ಇದು ತಪ್ಪಿದ್ರೆ ನನಗೆ ತಡೆಯಲಿಕ್ಕೆ ಆಗುವುದಿಲ್ಲ. ನಿಮ್ಮನ್ನು ಮದುವೆಯಾಗಬೇಕು ಅಂತ ಆಸೆ ಉಂಟು."

ಎಮಿಲಿಯಾ ಬಾಗಿಲು ತೆಗೆದು ಇಳಿದು, ಮತ್ತೆ ಬಗ್ಗಿ ಹೇಳಿದಳು, "ಆ ದಿನ ಮಾರ್ಕೆಟಲ್ಲಿ ನೀವು ಸುಳ್ಳು ಹೇಳದ್ದು ಒಳ್ಳೆಯದಾಯ್ತು. ಇದು ನಿಜ ಅಂತ ಈಗ ನಂಬಬಹುದು. ನನಗೂ ಆಸೆ ಉಂಟು." ಅವನ ಮುಖ ನೋಡಲು ನಿಲ್ಲದೆ ಒಳಗೆ ನಡೆದಳು.

ಇಪ್ಪತ್ತು ನಿಮಿಷದ ಮೇಲೆ ಹೊರಬಂದಳು. ರೋಗವಿಲ್ಲ. ಕಲೆ ಇದೆ. ವೀಸಾ ಇಲ್ಲ.

"ಖಲಾಸ್," ಎಂದಳು. ಕಾರಿನೊಳಗೆ ಕುಳಿತ ಮೇಲೆ ಅಳು ಬಂತು. ಹದಿಮೂರು ವರ್ಷದ ಅನ್ನ ಅದು. ಆಸ್ವಾಲ್ಡ್ ಸಮಾಧಾನದ ಮಾತು ಹೇಳದೆ ಅವಳ ಕೈ ಹಿಡಿದ, ಮೊದಲ ಸಲ. ಅವಳು ಸುಮ್ಮನಾದ ಮೇಲೆ ಹೇಳಿದ, "ಎಕ್ಸ್‌ರೇ ಮೆಶೀನ್ ಮಂಗಳೂರಿನಲ್ಲೂ ಉಂಟಲ್ಲ."

"ನನಗೋಸ್ಕರ ಕೆಲಸ ಬಿಡಬೇಡಿ."

"ನನಗೋಸ್ಕರ ಬಿಡ್ತೇನೆ."

ಜನವರಿ ಒಂಬತ್ತರ ಮಧ್ಯಾಹ್ನ ಅಬುಧಾಬಿ ಏರ್‌ಪೋರ್ಟಿನಲ್ಲಿ ಎಮಿಲಿಯಾಗೆ ಮತ್ತೆ ಭಯ ಶುರುವಾಯಿತು. ಅವನು ರಾಜೀನಾಮೆ ಕೊಟ್ಟಿದ್ದ, ನೋಟಿಸು ಎರಡು ತಿಂಗಳು. ಎರಡು ತಿಂಗಳು ಎಂದವರು ಎರಡು ವರ್ಷ ನಿಂತದ್ದನ್ನು ಅವಳು ಇಲ್ಲಿ ಎಷ್ಟೋ ಕಂಡಿದ್ದಳು. ಮ್ಯಾನೇಜರ್ ಸಂಬಳ ಏರಿಸುತ್ತಾನೆ, ಗೆಳೆಯರು ಬುದ್ಧಿ ಹೇಳುತ್ತಾರೆ, ಫೋನು ವಾರಕ್ಕೊಮ್ಮೆ ಆಗುತ್ತದೆ.

"ಬರ್ತೀರಲ್ವಾ?" ಎಂದು ಕೇಳಿಯೇಬಿಟ್ಟಳು.

ಆಸ್ವಾಲ್ಡ್ ಬ್ಯಾಗಿನಿಂದ ಒಂದು ದಪ್ಪ ನೀಲಿ ಫೈಲು ತೆಗೆದು ಅವಳ ಕೈಗಿಟ್ಟ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ, ಎಕ್ಸ್‌ಪೀರಿಯನ್ಸ್ ಲೆಟರ್, ಎಲ್ಲದರ ಹಿಂದೆ ಅಟೆಸ್ಟೇಶನ್ನಿನ ಸೀಲುಗಳು. ಎಲ್ಲವೂ ಒರಿಜಿನಲ್. ಗಲ್ಫಿನಲ್ಲಿ ಯಾರೂ ಹೆತ್ತವರ ಕೈಗೂ ಸುಲಭದಲ್ಲಿ ಕೊಡದಂಥವು.

"ಇದಿಲ್ಲದೆ ಇಲ್ಲಿ ಯಾರೂ ನನಗೆ ಬೇರೆ ಕೆಲಸ ಕೊಡುವುದಿಲ್ಲ," ಎಂದ ಅವನು. "ಇನ್ನು ನೀವಿದ್ದಲ್ಲಿಗೇ ಬರಬೇಕಷ್ಟೆ."

ಎಮಿಲಿಯಾ ಫೈಲನ್ನು ಎದೆಗೆ ಅವುಚಿಕೊಂಡಳು. ಸೆಕ್ಯುರಿಟಿಯಲ್ಲಿ ಟ್ರೇಗೆ ಹಾಕಿ ಎಂದಾಗಲೂ ಎರಡು ಸಲ ಹೇಳಿಸಿಕೊಂಡೇ ಕೊಟ್ಟಳು. ಗಾಜಿನ ಆಚೆ ಅವನು ಇನ್ನೂ ನಿಂತಿದ್ದ, ಕೈ ಬೀಸುವುದನ್ನೂ ಮರೆತು.

ಆಸ್ವಾಲ್ಡ್ ಮಾರ್ಚ್ ಹತ್ತಕ್ಕೆ ಬಂದಿಳಿದ, ಹೇಳಿದ್ದಕ್ಕಿಂತ ಎರಡು ದಿನ ಮುಂಚೆ. ಈಸ್ಟರ್ ಕಳೆದ ವಾರ ಅವರ ಮದುವೆಯಾಯಿತು.